ಬಚ್ಚಲ ಬಾಗಿಲ ಈಚೆ

ತಮ್ಮನು ಅಮಲಿನ ಸೂಜಿಯ ಚಟ ಬಿಟ್ಟು ಎರಡು ವರ್ಷವಾಗಿದ್ದರೂ ಅಕ್ಕನ ಎದೆ ಇನ್ನೂ ತಣ್ಣಗಾಗಿರಲಿಲ್ಲ. ಅವನು ಬಚ್ಚಲಲ್ಲಿ ಪ್ರಜ್ಞೆತಪ್ಪಿ ಬಿದ್ದ ದಿನವೇ ಅದರ ಅಗಳಿ ಕಿತ್ತು ಬಿಸಾಕಿದ್ದಳು. ಈಗಲೂ ಹೊಲಿಗೆ ಮಷೀನು ತುಳಿಯುವಾಗ ಅವಳ ಒಂದು ಕಿವಿ ಆ ಕಡೆಗೇ. ಅಂಥವನು ಸಿನಿಮಾದ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತಂದು, "ಬಾರೇ ಅಕ್ಕ, ಸೂಜಿ ಚುಚ್ಕೊಳ್ಳೋನ ಕತೆಯಂತೆ" ಎಂದಾಗ ಅವಳ ಕಾಲು ಮಷೀನಿನ ಮೇಲೆಯೇ ನಿಂತುಬಿಟ್ಟಿತು.

"ಸುಟ್ಟ ಮನೇಲಿ ಇದ್ದು ಬೆಂಕಿ ನೋಡೋಕೆ ದುಡ್ಡು ಕೊಟ್ಟು ಹೋಗ್ಬೇಕೇನೋ?"

"ನೀನೇ ಪಕ್ಕದಲ್ಲಿ ಕಾವಲು ಕೂರ್ತೀಯಲ್ಲ, ಬಾ."

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ನೋಡಿದ ಸಿನಿಮಾಗಳಲ್ಲಿ ಅಮಲೇರಿದರೆ ಬಣ್ಣದ ದೀಪ, ಕುಣಿತ. ಒಂದು ಹಾಡಿಗೆ ಹಿಡಿದ ಚಟ ಇನ್ನೊಂದು ಹಾಡಿಗೆ ಬಿಟ್ಟುಹೋಗುತ್ತಿತ್ತು. ಅದನ್ನು ಕಂಡು ಇವನ ಹಳೆಯ ಆಸೆ ಕೆರಳಿದರೆ?

ಈ ಸಿನಿಮಾ ಹಾಗಿರಲಿಲ್ಲ. ಪರದೆಯ ಮೇಲೆ ಮಗ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡ. ಒಳಗೇನಾಯಿತೆಂದು ತೋರಿಸಲೇ ಇಲ್ಲ. ಹೊರಗೆ ತಾಯಿ ಬಟ್ಟೆ ಮಡಿಸುತ್ತ ನಿಂತಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಮಡಿಸಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಿಸಿದಳು. ಕೂಗಲು ಬಾಯಿ ತೆರೆದು, ಮಗ ರೇಗಿಯಾನೆಂದು ನುಂಗಿಕೊಂಡಳು. ಗೋಳಾಟವಿಲ್ಲ, ಸಂಗೀತವಿಲ್ಲ. ಅಕ್ಕ ಕುರ್ಚಿಯ ಅಂಚಿಗೆ ಸರಿದಳು. ಎಲಾ ಇವಳ, ಇವಳು ನಟಿಯೋ, ನಮ್ಮ ನಡುಮನೆಯಲ್ಲಿ ನಿಂತು ನೋಡಿ ಬಂದವಳೋ. ಇದನ್ನು ಹೀಗೆ ತೆಗೆದ ಪುಣ್ಯಾತ್ಮನ ಕೈಗೆ ಬಂಗಾರದ ಕಡಗ ತೊಡಿಸಬೇಕು.

ಪಕ್ಕಕ್ಕೆ ತಿರುಗಿದರೆ ಕುರ್ಚಿ ಖಾಲಿ.

ಜೀವ ಬಾಯಿಗೆ ಬಂದು ಹೊರಗೋಡಿದಳು. ತಮ್ಮ ಮೂಲೆಯ ನಲ್ಲಿಯ ಹತ್ತಿರ ಮುಖ ತೊಳೆದುಕೊಳ್ಳುತ್ತಿದ್ದ. ಗಲ್ಲ ಹಿಡಿದು ಕಣ್ಣು ದಿಟ್ಟಿಸಿದಳು. ಕೆಂಪಗಿದ್ದವು, ಆದರೆ ಅದು ಅತ್ತು ಬಂದ ಕೆಂಪು.

"ಏನೂ ತಗೊಂಡಿಲ್ಲ ಕಣೇ. ಆ ಅಮ್ಮನ್ನ ನೋಡೋಕಾಗ್ಲಿಲ್ಲ, ಅಷ್ಟೆ. ಒಳಗಿದ್ದಾಗ, ಹೊರಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ ನಾನು. ನೀನೂ ಹಿಂಗೇ ನಿಂತಿರ್ತಿದ್ಯಾ?"

"ಮತ್ತೇನು, ಮೆರವಣಿಗೆ ಹೋಗ್ತಿದ್ನಾ?" ಅಂದಳು. ಸುರಿಯುತ್ತಿದ್ದ ನಲ್ಲಿ ನಿಲ್ಲಿಸಿದಳು.

ಅವನು ತೋಳಿನಿಂದ ಮುಖ ಒರೆಸಿಕೊಂಡ. "ಆ ಹುಡುಗ ಉಳೀತಾನಾ?"

"ನಾನೆಲ್ಲಿ ನೋಡ್ದೆ? ನಿನ್ನ ಹಿಂದೆ ಓಡಿ ಬಂದೆ. ಮನೆಗೆ ಹೋಗೋಣ್ವಾ?"

ತಮ್ಮ ಚಿತ್ರಮಂದಿರದ ಬಾಗಿಲ ಕಡೆ ತಿರುಗಿದ.

"ಬೇಡ, ಒಳಗೆ ನಡಿ. ಆ ಅಮ್ಮ ಒಬ್ಬಳೇ ನಿಂತಿದಾಳೆ."