ಬಾಗಿಲಿಗೆ ಜೋತುಬಿದ್ದವನು

ನೈರೋಬಿಯ ನಮ್ಮ ಆಫೀಸಿನಲ್ಲಿ ದಿನವಿಡೀ ಒಂದೇ ಕೆಲಸ. ಪರದೆಯ ಮೇಲೆ ಯಾವುದೋ ಬೀದಿಯ ಚಿತ್ರ ಬರುತ್ತದೆ. ಗಾಡಿ, ಮನುಷ್ಯ, ಕಂಬ ಎಲ್ಲದರ ಸುತ್ತ ಚೌಕ ಎಳೆದು ಹೆಸರು ಹಚ್ಚಬೇಕು. ಅದನ್ನು ನೋಡಿ ಎಲ್ಲೋ ಚಾಲಕನಿಲ್ಲದ ಕಾರು ಬುದ್ಧಿ ಕಲಿಯುತ್ತದಂತೆ. ಕಲಿಯಲಿ ಪಾಪ, ನಮ್ಮ ಬುದ್ಧಿಯಂತೂ ಮಂಕಾಗಿದೆ.

ಪಕ್ಕದ ಕುರ್ಚಿಯ ಸ್ಯೊಂಬುವಾಳಿಗೆ ಮೊದಮೊದಲು ಗಮನವೇ ನಿಲ್ಲುತ್ತಿರಲಿಲ್ಲ. ಅವಳ ತಮ್ಮ ಮುಥಿಯಾನಿ ಮಟಾಟು ವ್ಯಾನಿನ ಕಂಡಕ್ಟರ್. ಅಮ್ಮನ ಜೊತೆ ಜಗಳ ಮಾಡಿಕೊಂಡು ಹೋದವನ ಪತ್ತೆಯೇ ಇಲ್ಲ. ಫೋನು ಗುಂಯ್ ಎಂದರೆ ಅವನೇ ಎಂದು ಇವಳ ಜೀವ ಹಾರುತ್ತಿತ್ತು, ಕಾರಿಗೆ ಎಳೆದ ಚೌಕ ಹೋಗಿ ಮರವನ್ನು ಹಿಡಿಯುತ್ತಿತ್ತು.

ಮೇಲ್ವಿಚಾರಕ ಕಿಪ್ರೊನೊ ಕೆಟ್ಟವನಲ್ಲ. "ನೋಡಮ್ಮಾ, ಇನ್ನೊಂದ್ಸಲ ಹೀಗಾದ್ರೆ ನಿನ್ನ ಉಳಿಸ್ಕೊಳ್ಳೋದು ನನ್ ಕೈಲಿಲ್ಲ" ಎಂದ. "ಚಿತ್ರದೊಳಗೆ ಹೋಗ್ಬೇಡ. ಅಂಚು ನೋಡು. ಅಂಚು ಮಾತ್ರ."

ಅವಳು ಹಟಕ್ಕೆ ಬಿದ್ದಳು. ಫೋನು ಬೀರುವಿಗೆ ಹೋಯಿತು, ಕಿವಿಗೆ ಹತ್ತಿ ಬಂತು. ಹುರಿದ ಜೋಳದ ಕಾಳೊಂದನ್ನು ನಾಲಿಗೆಯಡಿ ಇಟ್ಟುಕೊಳ್ಳುವಳು. ಒಂದು ಕಟ್ಟು ಚಿತ್ರ ಮುಗಿಯುವತನಕ ಅದನ್ನು ಕಡಿಯುವ ಹಾಗಿಲ್ಲ.

"ಏನೇ, ಕಾಳಿಗೆ ಮೊಳಕೆ ಬಂತಾ?" ಎಂದು ನಾನು ರೇಗಿಸಿದರೆ ಮೊದಲು ನಗುತ್ತಿದ್ದಳು. ಆಮೇಲಾಮೇಲೆ ನಗುವುದೂ ನಿಂತಿತು. ಕೆಲಸ ಮಾತ್ರ ಗೆರೆ ಕೊರೆದ ಹಾಗೆ. ಕಿಪ್ರೊನೊ ಅವಳನ್ನು ಎಲ್ಲರಿಗೂ ತೋರಿಸಿ ಹೊಗಳಿದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಊಟದ ಹೊತ್ತಿಗೆ ಊರಿಂದ ಅವಳ ಅಮ್ಮನ ಫೋನು ಬಂದೇ ಬರುತ್ತಿತ್ತು. "ಕಣ್ಣಿಗೆ ಬಿದ್ನೇನೇ?"

"ಇಲ್ಲಮ್ಮ." ಅಷ್ಟೇ ಮಾತು. ಫೋನು ಮತ್ತೆ ಬೀರುವಿಗೆ.

ಈಚೆಗೆ ನಮ್ಮ ದೇಶದ ಬೀದಿಗಳೇ ಬರತೊಡಗಿದ್ದವು. ಆಗ ಒಂದು ತಕರಾರು ಹುಟ್ಟಿತು. ಓಡುವ ಮಟಾಟುವಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಮನುಷ್ಯನೋ, ಗಾಡಿಯೋ? ನಿಯಮ ಬರೆದವರ ಊರಲ್ಲಿ ಯಾರೂ ಹಾಗೆ ಜೋತುಬೀಳುವುದಿಲ್ಲವೇನೋ. ಕೇಳಿ ಕಳಿಸಿದ್ದಕ್ಕೆ ಉತ್ತರ ಬಂತು: ಗಾಡಿಗೆ ಅಂಟಿಕೊಂಡದ್ದೆಲ್ಲ ಗಾಡಿಯೇ.

ಅವಳು ಎಳೆದ ಚೌಕಗಳನ್ನು ನಾನು ತಪಾಸಣೆ ಮಾಡಿ ಒಪ್ಪಿಗೆ ಒತ್ತಬೇಕು. ಆ ದಿನ ಊಟಕ್ಕೆ ಮುಂಚೆ ಒಂದು ಮಟಾಟು ಬಂತು. ಚೌಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಂಡಕ್ಟರ್ ಚಾಚಿದ ಕೈಯೂ ಒಳಗೇ ಸೇರಿತ್ತು. ನನಗೋ ಅಂಚಿನ ಮೇಲೆ ಕಣ್ಣು ನಿಲ್ಲುವುದಿಲ್ಲ, ಬೇಡದ್ದೆಲ್ಲ ನೋಡುತ್ತೇನೆ. ಮುಖಗಳನ್ನು ಮಸುಕು ಮಾಡಿಯೇ ಕಳಿಸುತ್ತಾರೆ. ಆದರೆ ಆ ಸ್ವೆಟರ್! ಒಂದು ತೋಳು ಕಿತ್ತಳೆ, ಇನ್ನೊಂದು ಹಸಿರು. ಉಣ್ಣೆ ಸಾಲದೆ ಅವರಮ್ಮ ಹಾಗೆ ಹೆಣೆದದ್ದು. ಅಕ್ಕನನ್ನು ಕರೆದೊಯ್ಯಲು ಅದನ್ನೇ ತೊಟ್ಟು ಬಂದು ಆಫೀಸಿನ ಗೇಟಿನಲ್ಲಿ ನಿಲ್ಲುತ್ತಿದ್ದ ಮುಥಿಯಾನಿಯನ್ನು ನಾನೇ ಎಷ್ಟು ಗೇಲಿ ಮಾಡಿದ್ದೇನೆ.

ಅವಳ ಕಿವಿಯ ಹತ್ತಿ ಕಿತ್ತೆ. "ಸ್ಯೊಂಬುವಾ, ಇಲ್ನೋಡೇ!"

ಅವಳು ಬಗ್ಗಿ ನೋಡಿದಳು. ಕಣ್ಣು ಚೌಕದ ಗೆರೆಯುದ್ದಕ್ಕೂ ಒಂದು ಸುತ್ತು ಹೋಗಿಬಂತು.

"ಸರಿಯಾಗೇ ಇದ್ಯಲ್ಲ. ಕೈ ಬಿಟ್ಟಿಲ್ಲ ನಾನು."

"ಗೆರೆ ಹಾಳಾಗೋಗ್ಲಿ! ಸ್ವೆಟರ್ ನೋಡು!"

ನಾನು ಒಪ್ಪಿಗೆಯನ್ನೂ ಒತ್ತಿರಲಿಲ್ಲ, ತಕರಾರನ್ನೂ ಒತ್ತಿರಲಿಲ್ಲ. ತಡವಾದರೆ ಚಿತ್ರ ತಾನಾಗಿ ಬೇರೆಯವರ ಪರದೆಗೆ ಹೋಗುತ್ತದೆ. ಅವಳ ಕಣ್ಣು ಗೆರೆ ಬಿಟ್ಟು ಒಳಗಿಳಿಯುವಷ್ಟರಲ್ಲಿ ನನ್ನೆದುರು ಯಾವುದೋ ಪರದೇಶದ ಖಾಲಿ ರಸ್ತೆ ಇತ್ತು. ಕಿಪ್ರೊನೊ ತಾನೇ ಕೂತು ಹುಡುಕಿದ. ಹೋದ ಚಿತ್ರವನ್ನು ಹಿಂದಕ್ಕೆ ಕರೆಯುವ ದಾರಿ ಅವನಿಗೂ ಇರಲಿಲ್ಲ.

ಅವಳು ಅಳಲಿಲ್ಲ. ಊಟಕ್ಕೆ ಬಂದು ಕೂತಳು. ಫೋನು ಬಂತು.

"ಕಣ್ಣಿಗೆ ಬಿದ್ನೇನೇ?"

"ಬಿದ್ದ ಅಮ್ಮ."

ಆ ಕಡೆಯ ಕೂಗು ನನಗೂ ಕೇಳಿಸಿತು. "ಅಯ್ಯೋ ನನ್ನಪ್ಪಾ! ಎಲ್ಲೇ? ಯಾವೂರಲ್ಲೇ? ಸೊರಗಿದ್ನಾ? ಹೇಳೇ, ಹೇಗಿದ್ದ?"

ಸ್ಯೊಂಬುವಾ ತಟ್ಟೆಯ ಅಂಚನ್ನೇ ನೋಡುತ್ತ ಕೂತಳು. ಆಮೇಲೆ ಫೋನನ್ನು ನನ್ನತ್ತ ಚಾಚಿದಳು.

"ನೀನು ನೋಡಿದ್ಯಲ್ಲ," ಎಂದಳು. "ನೀನೇ ಹೇಳು."