ಕಾರು ತಗ್ಗಿಸಿದ್ದು

ಆ ದೈತ್ಯಾಕಾರದ ಎಸ್‌ಯುವಿ ಕೊಂಡಾಗ ಟೈಲ್ಸ್ ಅಂಗಡಿಯವನಿಗೆ ಅದರ ಎತ್ತರವೇ ಒಂದು ಹೆಮ್ಮೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅದೇ ಎತ್ತರ ಕಂಟಕವಾಯಿತು. ಬಲಗಾಲು ಎತ್ತಲಾಗದ ಮನುಷ್ಯನನ್ನು ಅಷ್ಟು ಮೇಲಿನ ಸೀಟಿಗೆ ಹತ್ತಿಸುವುದೆಂದರೆ ಹುಡುಗಾಟವೇ? ಒಂದೆರಡು ಸಲ ಹರಸಾಹಸ ಮಾಡಿ, ಅಪ್ಪನ ಮಂಡಿ ಬಾಗಿಲಿನ ಅಂಚಿಗೆ ತರಚಿ, ಸಾಕಪ್ಪಾ ಸಾಕು ಎಂದು ಕೈಬಿಟ್ಟಿದ್ದ.

ಕಾಲಾದರೂ ಹಾಳಾಗಲಿ, ಮಾತೇ ಹೋಗಿತ್ತಲ್ಲ! ಗೋದಾಮಿನ ಮೇಸ್ತ್ರಿಯಾಗಿ ಕೂಲಿಯಾಳುಗಳನ್ನೆಲ್ಲ ನಡುಗಿಸಿದ್ದ ಅಪ್ಪ ಈಗ ತಿಂಗಳುಗಟ್ಟಲೆ ತುಟಿಪಿಟಕ್ಕೆನ್ನದೆ ಕೂತಿದ್ದ. "ಆಗಾಗ ಹೊರಗೆ ಕರ್ಕೊಂಡು ಹೋಗಿ," ಎಂದಿದ್ದರು ಡಾಕ್ಟರು. "ರಸ್ತೆ, ಜನ, ಗದ್ದಲ ನೋಡ್ಲಿ. ಮಾತು ಬಂದ್ರೂ ಬರಬಹುದು." ಅಪ್ಪನ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಮಗನ ಜೀವ ಹಪಹಪಿಸುತ್ತಿತ್ತು. ಅಮ್ಮ ಮಾತ್ರ, "ಮನೇಲೇ ಇರ್ಲಿ ಬಿಡೋ, ಹೇಗೂ ಆರಾಮಾಗಿದಾರೆ," ಎಂದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನ ಗಂಡನದು ಗ್ಯಾರೇಜು. ಭಾವ ಕಾರನ್ನು ಜಾಕಿ ಮೇಲೆ ಎತ್ತಿ, ಚಕ್ರ ಬಿಚ್ಚಿ, ಹಳೆಯ ಸ್ಪ್ರಿಂಗುಗಳ ಜಾಗದಲ್ಲಿ ಗಿಡ್ಡ ಸ್ಪ್ರಿಂಗುಗಳನ್ನು ಕೂರಿಸಿದ. ಕೆಳಗಿಳಿಸಿದಾಗ ಕಾರು ಅರ್ಧ ಗೇಣು ಕುಸಿದು ನಿಂತಿತು.

"ನೋಡಪ್ಪಾ, ಸ್ಪ್ರಿಂಗ್ ಕುಗ್ಗೋಕೆ ಈಗ ಜಾಗ ಕಮ್ಮಿ," ಎಂದ ಭಾವ. "ಜನ ತುಂಬ್ಕೊಂಡು ಹಂಪ್ ಮೇಲೆ ಹೋದ್ರೆ ಬುಡಕ್ಕೆ ಬಡಿಯುತ್ತೆ. ಆಮೇಲೆ ನನ್ನ ಬೈಬೇಡ."

"ನೀವೊಬ್ರು, ಭಾವ!" ಎಂದು ನಕ್ಕು, ಒಬ್ಬನೇ ಕೂತು, ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಬೆಣ್ಣೆ, ಬೆಣ್ಣೆ ಎನ್ನುತ್ತಾ ಬಂದ. ನುಣ್ಣನೆಯ ರಸ್ತೆಯಲ್ಲಿ ಒಬ್ಬನೇ ಕೂತರೆ ಯಾವ ಕಾರು ತಾನೆ ಬೆಣ್ಣೆಯಲ್ಲ!

ಭಾನುವಾರ ಬೆಳಿಗ್ಗೆ ಅಪ್ಪ ಗಾಲಿಕುರ್ಚಿಯಿಂದ ಸೀಟಿಗೆ ಸರಾಗವಾಗಿ ಜಾರಿದ. ಮಗನಿಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಅಮ್ಮ ಅಪ್ಪನ ಸೋತ ಕೈ ಹಿಡಿದು ಕೂತಳು. ಮುಂದೆ ಅಕ್ಕ.

ಗಲ್ಲಿಯ ಮೂಲೆ ತಿರುಗಿದ್ದೇ ತಡ, ಬೆಣ್ಣೆ ಕರಗಿಹೋಯಿತು. ಹಿಂದೆ ತೊಟ್ಟಿಲಿನ ಹಾಗೆ ತೂಗುತ್ತಿದ್ದ ಕಾರು ಈಗ ಒಂದೊಂದು ಡಾಂಬರು ತೇಪೆಯನ್ನೂ ಎಲ್ಲರ ಬೆನ್ನುಮೂಳೆಗೆ ಮುಟ್ಟಿಸುತ್ತಿತ್ತು.

"ಏನೋ ಇದು? ಹಲ್ಲೆಲ್ಲ ಉದುರಿ ಮಡಿಲಿಗೆ ಬೀಳ್ತಾವೆ!" ಎಂದಳು ಅಕ್ಕ.

"ನಿನ್ನ ಗಂಡನ್ನೇ ಕೇಳು, ಹೋಗು."

ಜಗಳದ ಭರದಲ್ಲಿ ಶಾಲೆಯ ಮುಂದಿನ ಹಂಪ್ ಅವನ ಕಣ್ಣಿಗೆ ಬೀಳಲಿಲ್ಲ. ಧಡ್! ಕಾರಿನ ಬುಡಕ್ಕೆ ಸುತ್ತಿಗೆಯಲ್ಲಿ ಬಾರಿಸಿದ ಹಾಗಾಯಿತು. ನಾಲ್ವರೂ ಸೀಟಿನಿಂದ ಎಗರಿ ಬಿದ್ದರು.

"ದರಿದ್ರ ಮುಂಡೆ!"

ಮಗ ನಡುರಸ್ತೆಯಲ್ಲೇ ಬ್ರೇಕ್ ಒತ್ತಿದ. ಅಯ್ಯೋ, ಅಪ್ಪನ ದನಿ! ಅದೇ ಗೋದಾಮಿನ ಗಂಟಲು!

"ಅಪ್ಪ ಮಾತಾಡಿದ್ರು ಕಣೋ!" ಅಕ್ಕ ಕಿರುಚಿದಳು.

"ಇನ್ನೊಂದ್ಸಲ ಹೇಳಪ್ಪಾ! ಇನ್ನೊಂದೇ ಸಲ!" ಅವನು ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಅಪ್ಪ ಬಾಯಿ ಬಿಡಲಿಲ್ಲ. ಆಗ ಈ ಮಹಾಶಯ ಮಾಡಿದ್ದೇನು ಗೊತ್ತೇ? ಕಾರನ್ನು ಹಿಂದಕ್ಕೆ ತೆಗೆದು, ಬೇಕೆಂದೇ ಅದೇ ಹಂಪ್ ಮೇಲೆ ನುಗ್ಗಿಸಿದ. ಧಡ್!

"ದರಿದ್ರ ಮುಂಡೆ!"

ಅಚ್ಚುಕಟ್ಟಾಗಿ, ಒಂದಕ್ಷರ ತೊದಲದೆ ಬಂತು ಮಾತು. ಸ್ಟೇರಿಂಗ್ ಬಡಿದು ಕುಣಿಯುತ್ತಾ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದವನ ನಗು ಅಲ್ಲೇ ಹೆಪ್ಪುಗಟ್ಟಿತು.

ಅಪ್ಪ ರಸ್ತೆಯನ್ನೂ ನೋಡುತ್ತಿರಲಿಲ್ಲ, ಕಾರು ಓಡಿಸುವವನನ್ನೂ ನೋಡುತ್ತಿರಲಿಲ್ಲ. ಕತ್ತನ್ನು ಪೂರ್ತಿ ಅಮ್ಮನ ಕಡೆ ತಿರುಗಿಸಿದ್ದ. ಸರಿಯಿದ್ದ ಎಡಗೈ ಮೇಲೆದ್ದಿತ್ತು. ಅಮ್ಮ ಬಾಗಿಲಿಗೆ ಒತ್ತಿಕೊಂಡು, ಮುಖಕ್ಕೆ ಮೊಣಕೈ ಅಡ್ಡ ಹಿಡಿದು ಮುದುಡಿದ್ದಳು. ಏಟು ಇನ್ನೂ ಬಿದ್ದಿರಲಿಲ್ಲ.

ಹುಟ್ಟಿದಾಗಿನಿಂದ ಕೇಳಿದ ಮಾತಲ್ಲವೇ ಇದು? ಉಪ್ಪು ಹೆಚ್ಚಾದರೆ, ಬಾಗಿಲು ತೆಗೆಯುವುದು ತಡವಾದರೆ, ಏನೂ ಆಗದಿದ್ದರೂ ಕೇಳಿಬರುತ್ತಿದ್ದ ಮಾತು. ಗಡಿಯಾರದ ಸದ್ದಿನ ಹಾಗೆ ಅದು ಮಕ್ಕಳ ಕಿವಿಗೆ ಬಿದ್ದೂ ಬೀಳದಂತಿತ್ತು. ತಾನು ಇಷ್ಟು ದಿನ ಹಂಬಲಿಸಿದ್ದು ಇದಕ್ಕೇ?

"ಅಮ್ಮಾ... ಅಪ್ಪನಿಗೆ ಮಾತು ಬಂತು," ಎಂದ. ಅವನ ದನಿಯೇ ಅವನಿಗೆ ಕೇಳಿಸಲಿಲ್ಲ.

"ಕೇಳಿಸ್ತು." ಅಮ್ಮ ಮೊಣಕೈ ಇಳಿಸಿದಳು. "ಮದುವೆಯಾದಾಗಿಂದ ಕೇಳಿಸ್ತಾನೇ ಇದೆ. ಈ ನಾಲ್ಕು ದಿನ ಮನೇಲಿ ಒಂದು ತುತ್ತು ನೆಮ್ಮದಿಯಾಗಿ ಉಣ್ತಿದ್ದೆ ಕಣೋ. ಅದೂ ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು. ಹಿಂದೆ ನಿಂತಿದ್ದ ಕಾರುಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು.

ಅಮ್ಮ ಬಾಗಿಲು ತೆರೆದಳು. ಈ ಕಾರಿನಿಂದ ಇಳಿಯುವಾಗಲೆಲ್ಲ ಅವಳಿಗೆ ಯಾರಾದರೂ ಕೈ ಕೊಡಬೇಕಿತ್ತು. ಈಗ ಕಾಲು ನೇರವಾಗಿ ನೆಲ ಮುಟ್ಟಿತು.

"ಎಲ್ಲಿಗಮ್ಮಾ?"

"ನಿಮ್ಮಪ್ಪ ಮಾತಾಡ್ತಿದಾರಲ್ಲ, ಕೂತು ಕೇಳಿ. ನನಗೆ ಸಾಕಾಯ್ತು."

ಶಾಲೆಯ ಗೋಡೆ ಹಿಡಿದು, ಹಿಂದೆ ತಿರುಗಿ ನೋಡದೆ, ಅವಳು ನಡೆದೇಬಿಟ್ಟಳು. ಮಗನ ಕಾಲು ಬ್ರೇಕಿನ ಮೇಲೆ ಮರಗಟ್ಟಿತ್ತು. ಹಿಂದಿನ ಸೀಟಿನಿಂದ ಮೂರನೇ ಸಲ ಅದೇ ಮಾತು ಬಂತು. ಈ ಸಲ ಕೇಳಿಸಿಕೊಳ್ಳಲು ಮಕ್ಕಳಿಬ್ಬರೇ ಇದ್ದರು.