ಎಣ್ಣೆಬಟ್ಟೆಯ ಚೀಲ

ಮರದ ನೆಲ ಉಜ್ಜಿ, ಎಣ್ಣೆ ಕುಡಿಸಿ, ಹೊಳಪು ತರುವುದು ಅವಳ ಕಸುಬು. ಊರೆಲ್ಲ ಪಾಲಿಶಮ್ಮ ಎನ್ನುತ್ತಿತ್ತು; ಅದಕ್ಕೆ ಅವಳ ತಕರಾರಿರಲಿಲ್ಲ. ತಕರಾರಿದ್ದದ್ದು ಅಣ್ಣನ ಮನೆಯ ಕೆಲಸದ ಬಗ್ಗೆ. ಬೇರೆಯವರ ಮನೆಯಲ್ಲಿ ಅವಳು ಹೇಳಿದ್ದೇ ಕಡೆಯ ಮಾತು. ಇಲ್ಲಿ ಅತ್ತಿಗೆ ಹೇಳಿದ್ದು. ಅತ್ತಿಗೆಗೆ ಚೊಕ್ಕಟದ ಹುಚ್ಚು. ಕುಡಿದ ಲೋಟ ಕೆಳಗಿಡುವಷ್ಟರಲ್ಲಿ ಅದನ್ನು ತೊಳೆದು ಬೋರಲು ಹಾಕುವ ಪೈಕಿ.

ಆ ಬೆಳಗ್ಗೆ ಹಜಾರದ ನೆಲಕ್ಕೆ ಅಗಸೆ ಎಣ್ಣೆ ಹಚ್ಚುವಾಗಲೂ ಅತ್ತಿಗೆ ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

“ಆ ಮೂಲೆ ಬಿಟ್ಟೆ ನೋಡು.”

“ಬಿಟ್ಟಿಲ್ಲ ಅತ್ತಿಗೆ, ಇನ್ನೂ ಅಲ್ಲಿಗೆ ಬಂದಿಲ್ಲ.”

“ಈ ವಾಸನೆ ಎಷ್ಟು ದಿನ ಇರತ್ತೆ? ಇದಕ್ಕಿಂತ ನಿಮ್ಮಣ್ಣನ ಸಾಕ್ಸೇ ವಾಸಿ.”

ಕೆಲಸ ಮುಗಿಸಿ ಎದ್ದ ಪಾಲಿಶಮ್ಮ ಅಪ್ಪಣೆ ಹೊರಡಿಸಿದಳು. “ಸಂಜೆವರೆಗೂ ಯಾರೂ ಇದರ ಮೇಲೆ ಕಾಲಿಡಬಾರದು. ಕಿಟಕಿ ತೆಗೆದೇ ಇರಲಿ, ಗಾಳಿಯಾಡಬೇಕು. ಅಪ್ಪ, ನಿಂಗೂ ಸೇರಿಸಿ ಹೇಳ್ತಿರೋದು.”

ಅಪ್ಪನ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಹಜಾರಕ್ಕೆ. “ಜೈಲಿಗೆ ಹಾಕ್ತಿದ್ದೀನಿ ಅನ್ನು,” ಎಂದು ಗೊಣಗಿ, ಬಾಗಿಲು ಹಾಕಿಕೊಂಡು ಕೂತ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಅವಳು ಒಂದೊಂದಾಗಿ ಬಿಡಿಸಿ ಮುಂದಿನ ಗೇಟಿನ ಮೇಲೆ ಹರವಿದಳು. ಅತ್ತಿಗೆ ಹಿಂದೆಯೇ ಬಂದಳು. “ಇದೇನೇ, ನಮ್ಮನೆ ಮುಂದೆ ಲಾಂಡ್ರಿ ಇಟ್ಟಿದ್ದೀಯಾ?”

ಬೇರೆ ಯಾರ ಮನೆಯಾಗಿದ್ದರೂ ಪಾಲಿಶಮ್ಮ ಕಾರಣ ಬಿಡಿಸಿ ಹೇಳದೆ ಹೊರಡುತ್ತಿರಲಿಲ್ಲ. ಇಲ್ಲಿ ಮಾತ್ರ ಬೆಳಗಿನಿಂದ ಸಿಟ್ಟು ನುಂಗಿ ನುಂಗಿ ಸಾಕಾಗಿತ್ತು. “ಒಣಗಲಿ ಬಿಡಿ,” ಎಂದಷ್ಟೇ ಹೇಳಿ ನಡೆದುಬಿಟ್ಟಳು.

ಮಧ್ಯಾಹ್ನ ಅವಳು ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಉಜ್ಜುವ ಉಪ್ಪುಕಾಗದ ಸವರಿ ನೋಡುತ್ತಿದ್ದಾಗ ಫೋನ್ ಬಂತು. ಅತ್ತಿಗೆ.

“ನಿಮ್ಮಣ್ಣನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಬಂದಿದ್ದೀನಿ ಕಣೇ. ಹೊರಡೋಕೆ ಮುಂಚೆ ನಿನ್ನ ಚಿಂದಿ ಎಲ್ಲಾ ಎತ್ತಿಟ್ಟೆ. ಮುದ್ದೆ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಗಂಟು ಹಾಕಿ ಹಜಾರದ ಬೀರೂಲಿಟ್ಟಿದ್ದೀನಿ. ನಿನ್ನ ನೆಲ ತುಳೀಲಿಲ್ಲಮ್ಮ, ಅಡುಗೆಮನೆ ಬಾಗಿಲಿಂದಲೇ ಕೈ ಚಾಚಿದೆ. ಮಾವನ ತಟ್ಟೆನೂ ಅವರ ಕೋಣೆ ಕಿಟಕಿಯಿಂದಲೇ ಕೊಟ್ಟು, ಹಿತ್ತಲ ಬಾಗಿಲಿಗೆ ಬೀಗ ಹಾಕ್ಕೊಂಡು ಬಂದೆ. ನಮ್ಮ ನಂಬರ್ ಕರೀತಿದ್ದಾರೆ, ಇಡ್ಲಾ?”

“ಅತ್ತಿಗೆ, ಅಪ್ಪ—”

ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತುವವರಿಲ್ಲ. ಅಪ್ಪನ ಫೋನೂ ಹೊಡೆದುಕೊಂಡು ಸುಮ್ಮನಾಯಿತು. ಊಟವಾದ ಮೇಲೆ ಅಪ್ಪ ಕಿವಿಯಂತ್ರ ತೆಗೆದಿಟ್ಟು ಮಲಗುತ್ತಾನೆ.

ಅಗಸೆ ಎಣ್ಣೆ ಒಣಗುವಾಗ ತಾನಾಗಿಯೇ ಕಾಯುತ್ತದೆ. ಬಟ್ಟೆ ಹರವಿದ್ದರೆ ಆ ಕಾವು ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಕಟ್ಟಿಟ್ಟರೆ ಒಳಗೊಳಗೇ ಕೂಡುತ್ತಾ ಹೋಗಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರುವವರು ಬೇಕಿಲ್ಲ.

ಉಪ್ಪುಕಾಗದ ಕೈಯಲ್ಲಿದ್ದಂತೆಯೇ ಅವಳು ಓಡಿದಳು. “ಓಯ್, ಅದರ ದುಡ್ಡು!” ಎಂದು ಅಂಗಡಿಯವನು ಕೂಗಿದ್ದು ಬೆನ್ನಿಗೆ ಬಿತ್ತು.

ಮುಂಬಾಗಿಲಿಗೂ ಬೀಗ. ಬೆಲ್ ಒತ್ತಿದಳು, ಬಾಗಿಲು ಗುದ್ದಿದಳು. ಒಳಗೆ ಸದ್ದಿಲ್ಲ. ತೆರೆದ ಕಿಟಕಿಯಿಂದ ಬರುತ್ತಿದ್ದದ್ದು ಬರೀ ಎಣ್ಣೆಯ ವಾಸನೆಯಲ್ಲ, ಸೀದ ವಾಸನೆ. ಪುಣ್ಯಕ್ಕೆ ಕಿಟಕಿಗೆ ಸರಳಿರಲಿಲ್ಲ. ಹತ್ತಿ ಒಳಕ್ಕೆ ಧುಮುಕಿದಳು. ಹಸಿ ನೆಲದ ಮೇಲೆ ಕಾಲು ಜಾರಿ ಮೊಣಕೈ ಊರಿ ಬಿದ್ದಳು. ಏಳಲು ಹೋಗಿ ಇನ್ನೊಮ್ಮೆ ಜಾರಿದಳು. ಕೊನೆಗೆ ಮಗುವಿನಂತೆ ಅಂಬೆಗಾಲಿಕ್ಕಿಕೊಂಡೇ ಬೀರು ಮುಟ್ಟಿದಳು.

ಬಾಗಿಲು ತೆಗೆದರೆ ಹೊಗೆ. ಚೀಲದ ಒಂದು ಬದಿ ಕರಗಿ ತೂತಾಗಿತ್ತು, ಒಳಗಿನ ಬಟ್ಟೆ ಕಪ್ಪಿಟ್ಟಿತ್ತು. ಅಂಗಿಯ ತೋಳನ್ನು ಬೆರಳವರೆಗೂ ಎಳೆದುಕೊಂಡು, ಚೀಲವನ್ನು ಬಾಚಿ, ಅಡುಗೆಮನೆಯ ಸಿಂಕಿಗೆ ಎಸೆದು ನಲ್ಲಿ ತಿರುಗಿಸಿದಳು. ಚುಂಯ್ ಎಂದಿತು. ಸಿಂಕ್ ತುಂಬಿ ತುಳುಕಿದರೂ ನಲ್ಲಿ ನಿಲ್ಲಿಸುವ ಧೈರ್ಯ ಬರಲಿಲ್ಲ. ಆಮೇಲೆ ಬೀರುವಿನೊಳಗೆ ಕೈಯಾಡಿಸಿದಳು. ಹಲಗೆ ಬೆಚ್ಚಗಿತ್ತು, ಅಷ್ಟೆ. ಸುಟ್ಟಿರಲಿಲ್ಲ.

ಅಲ್ಲೇ ಎಣ್ಣೆಯ ಮೇಲೆ ಕುಸಿದು ಕೂತಳು. ಒಳಗಿನಿಂದ ನಗು ಉಕ್ಕಿ ಬಂತು.

ಕಿವಿಯಂತ್ರ ಸಿಕ್ಕಿಸಿಕೊಳ್ಳುತ್ತಾ ಅಪ್ಪ ಬಾಗಿಲು ತೆರೆದ.

“ಯಾರೂ ಕಾಲಿಡಬಾರದು ಅಂತ ಕುಣಿದಾಡಿದೆಯಲ್ಲ, ನೀನೇನು ಇಲ್ಲಿ ಈಜು ಹೊಡೀತಿದ್ದೀಯಾ?”

“ಅಪ್ಪ, ಆಚೆ ಬಾ.”

“ತುಳೀಬಹುದಾ?”

“ತುಳಿ. ಬೇಕಾದ್ರೆ ಕುಣಿ.”

“ಸದ್ಯ! ಬಚ್ಚಲಿಗೆ ಅರ್ಜೆಂಟಾಗಿ ಹೋಗಬೇಕಿತ್ತು, ನಿನ್ನ ಹೆದರಿಕೆಗೆ ಬಿಗಿಹಿಡಿದು ಕೂತಿದ್ದೆ.” ನೆಲದ ತುಂಬ ಹೆಜ್ಜೆ ಒತ್ತುತ್ತಾ ಅಪ್ಪ ದಡಬಡ ಓಡಿದ. ಆ ವಯಸ್ಸಿಗೆ ಆ ಓಟ ಚೆನ್ನಾಗಿಯೇ ಇತ್ತು.

ಅಣ್ಣ ಅತ್ತಿಗೆ ಬಂದಾಗ ಅಪ್ಪ ಮತ್ತೆ ಕೋಣೆ ಸೇರಿದ್ದ. ಅತ್ತಿಗೆ ಹೊಸ್ತಿಲಲ್ಲೇ ನಿಂತಳು. “ಅಯ್ಯೋ, ಎಮ್ಮೆ ಏನಾದ್ರೂ ನುಗ್ಗಿತ್ತಾ?”

ಪಾಲಿಶಮ್ಮ ಸಿಂಕಿನಿಂದ ಎತ್ತಿಕೊಂಡು ಬಂದ ಚೀಲದ ಚೂರನ್ನು ತೋರಿಸಿ, ನಡೆದದ್ದನ್ನು ಹೇಳಿದಳು. “ಬೆಳಗ್ಗೆನೇ ಹೇಳಬೇಕಿತ್ತು. ನಿಮ್ಮ ಮೇಲಿನ ಸಿಟ್ಟಿಗೆ ಬಾಯಿ ಮುಚ್ಕೊಂಡು ಹೋದೆ. ತಪ್ಪು ನಂದೇ ಅತ್ತಿಗೆ.”

ಅತ್ತಿಗೆ ಆ ಚೂರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅಣ್ಣ ನಡುವೆ ಬಾಯಿ ಹಾಕಿದ. “ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರೆ, ನಂಗೇನೂ ಕಾಣ್ತಿಲ್ಲ. ನಂಗೆ ಕಂಡ ಮಟ್ಟಿಗೆ ನೆಲ ಚೆನ್ನಾಗೇ ಇದೆ ಬಿಡು.”

ಅತ್ತಿಗೆ ಚಪ್ಪಲಿ ಬಿಡದೆ, ಎಣ್ಣೆಯ ನೆಲ ತುಳಿದುಕೊಂಡು ನೇರ ಹೋಗಿ ಮಾವನ ಕೋಣೆಯ ಬಾಗಿಲು ದೂಡಿದಳು.

“ಮಾವ, ಊಟ ಆಯ್ತಾ?”

“ನೀನೇ ಕಿಟಕಿಯಲ್ಲಿ ಕೊಟ್ಟು ಹೋದೆಯಲ್ಲಮ್ಮ.”

“ಹೌದಲ್ವಾ.” ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮತ್ತೆ ಕೇಳಿದಳು, “ಹೊಟ್ಟೆ ತುಂಬಾ ಮಾಡಿದ್ರಿ ತಾನೇ?”

“ಮಾಡಿದೆನಮ್ಮ. ಇದೇನಿವತ್ತು, ಎಲ್ಲರಿಗೂ ನನ್ನ ಮೇಲೇ ಕಣ್ಣು?”